ಮೆಟ್ಟಿಲ ಮೇಲೆ ಹುಟ್ಟಿದ ಹಾಡು

ಮಾತು ಒಳ್ಳೆಯದಾಗಿದ್ದರೆ ಹಾಡು ತಾನಾಗಿ ಒಳ್ಳೆಯದಾಗುತ್ತದೆಂದು ಬಹುಕಾಲ ನಂಬಿದ್ದವನು ನಾನು. ಮೊದಲು ಪದಗಳನ್ನು ತೂಗಿ ನೋಡಿ, ಆಮೇಲೆ ಮಟ್ಟಿಗೆ ಕಿವಿಗೊಡುವುದು ಸಾಹಿತ್ಯದ ಹುಚ್ಚು ಹಿಡಿದವರ ಅಭ್ಯಾಸ. ನನ್ನ ಈ ನಂಬಿಕೆಯನ್ನು ಅಲುಗಿಸಿದ್ದು ಯಾವ ಶಾಸ್ತ್ರಗ್ರಂಥವೂ ಅಲ್ಲ. 1966ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ, ಮೂರು ನಿಮಿಷವೂ ತುಂಬದ ಒಂದು ಹಾಡು. ಹಾಡಿದಾಕೆ ಡಸ್ಟಿ ಸ್ಪ್ರಿಂಗ್‌ಫೀಲ್ಡ್. ಹಾಡಿನ ಹೆಸರು ‘ಯೂ ಡೋಂಟ್ ಹ್ಯಾವ್ ಟು ಸೇ ಯೂ ಲವ್ ಮಿ’. ನನ್ನನ್ನು ಪ್ರೀತಿಸುವೆನೆಂದು ನೀನು ಹೇಳಬೇಕಾಗಿಲ್ಲ ಎಂದು ಅದರ ಅರ್ಥ.

ಈ ಹಾಡಿನ ತವರು ಇಂಗ್ಲೆಂಡಲ್ಲ, ಇಟಲಿ. ಅಲ್ಲಿಯ ಸಾನ್‌ರೆಮೊ ಎಂಬ ಕಡಲತೀರದ ಊರಿನಲ್ಲಿ 1951ರಿಂದ ಪ್ರತಿ ವರ್ಷವೂ ಗೀತೆಗಳ ಸ್ಪರ್ಧೆಯೊಂದು ನಡೆದುಬಂದಿದೆ. 1965ರ ಸ್ಪರ್ಧೆಯಲ್ಲಿ ಒಂದೊಂದು ಗೀತೆಯನ್ನೂ ಇಬ್ಬರು ಬೇರೆ ಬೇರೆಯಾಗಿ ಹಾಡಬೇಕೆಂಬ ಕಟ್ಟಳೆಯಿತ್ತು. ಹೊರದೇಶದ ಗಾಯಕರಿಗೂ ಆಹ್ವಾನವಿತ್ತು. ವೆನಿಸ್ಸಿನ ಬಳಿಯ ಬುರಾನೊ ದ್ವೀಪದಲ್ಲಿ ಹುಟ್ಟಿ, ಪಿಟೀಲು ಕಲಿತು ಬೆಳೆದ ಪಿನೊ ದೊನಾಜೊ ಎಂಬ ತರುಣ ತನ್ನದೇ ಒಂದು ಗೀತೆಯನ್ನು ಅಲ್ಲಿ ಹಾಡಿದ. ಅದಕ್ಕೆ ಮಾತು ಕೊಟ್ಟವನು ವಿತೊ ಪಲ್ಲವಿಚೀನಿ. ‘ನೀನಿಲ್ಲದೆ ಬಾಳದ ನಾನು’ ಎಂಬುದು ಆ ಇಟಾಲಿಯನ್ ಹೆಸರಿನ ತಾತ್ಪರ್ಯ. ಡಸ್ಟಿಯೂ ಆ ವರ್ಷ ಅಲ್ಲಿ ಸ್ಪರ್ಧಿಯಾಗಿದ್ದಳು. ಆಕೆಯ ಹಾಡುಗಳು ಕೊನೆಯ ಸುತ್ತಿಗೆ ಏರಲಿಲ್ಲ. ಆದರೆ ದೊನಾಜೊನ ಗೀತೆಯನ್ನು ಕೇಳಿ ಆಕೆಯ ಕಣ್ಣು ತುಂಬಿ ಬಂತು. ಬಹುಮಾನವಿಲ್ಲದೆ ಊರಿಗೆ ಹಿಂತಿರುಗಿದವಳು ಆ ಮಟ್ಟೊಂದನ್ನು ಮನಸ್ಸಿನಲ್ಲಿ ಹೊತ್ತುಕೊಂಡೇ ಹೋದಳು.

ಆಕೆಯ ನಿಜನಾಮ ಮೇರಿ ಒಬ್ರಿಯನ್. 1939ರಲ್ಲಿ ಲಂಡನ್ನಿನಲ್ಲಿ, ಐರಿಷ್ ಮೂಲದ ಕ್ಯಾಥೊಲಿಕ್ ಮನೆತನದಲ್ಲಿ ಹುಟ್ಟಿದಳು. ಆಕೆ ಮನಸೋತದ್ದು ಮಾತ್ರ ಅಮೆರಿಕದ ಕಪ್ಪುಜನರ ಗಾಯನಕ್ಕೆ. ಚರ್ಚಿನ ಭಜನೆಯ ಆವೇಶವನ್ನು ಲೌಕಿಕ ಪ್ರೇಮಕ್ಕೆ ಎರೆದ ಆ ಸಂಗೀತಕ್ಕೆ ‘ಸೋಲ್’, ಎಂದರೆ ಆತ್ಮ, ಎಂದು ಹೆಸರು. ಕನ್ನಡದ ಕಿವಿಗೆ ಅದು ‘ಸೋಲು’ ಎಂದು ಕೇಳಿಸಿದರೂ ತಪ್ಪೇನಿಲ್ಲ. ಸೋತವರ ಅಳಲೇ ಅದರಲ್ಲಿ ಹೆಚ್ಚು. 1965ರಲ್ಲಿ ಮೋಟೌನ್ ಸಂಸ್ಥೆಯ ಕಪ್ಪು ಕಲಾವಿದರನ್ನು ಬ್ರಿಟನ್ನಿನ ಟೆಲಿವಿಷನ್ ಪ್ರೇಕ್ಷಕರಿಗೆ ಪರಿಚಯಿಸಿದ ವಿಶೇಷ ಕಾರ್ಯಕ್ರಮವನ್ನು ನಡೆಸಿಕೊಟ್ಟವಳು ಇವಳೇ. ಅದಕ್ಕೆ ಮುಂಚೆ, 1964ರ ಡಿಸೆಂಬರಿನಲ್ಲಿ, ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದಾಗ ವರ್ಣಭೇದವೆಣಿಸಿ ಜನರನ್ನು ಬೇರೆ ಬೇರೆ ಕೂರಿಸುವ ಸಭೆಗೆ ತಾನು ಹಾಡುವುದಿಲ್ಲವೆಂದು ಪಟ್ಟುಹಿಡಿದಳು. ಅಲ್ಲಿನ ಸರಕಾರ ಆಕೆಯನ್ನು ದೇಶದಿಂದ ಹೊರಡಿಸಿತು. ಈ ಹಟದ ಗುಣವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದಕ್ಕೆ ಕೆಲಸವಿದೆ.

ಸುಮಾರು ಒಂದು ವರ್ಷ ಮಟ್ಟು ಮಾತಿಗಾಗಿ ಕಾದು ಕುಳಿತಿತ್ತು. 1966ರಲ್ಲಿ ಹಾಡನ್ನು ಇಂಗ್ಲಿಷಿಗೆ ತರುವ ಹೊಣೆ ಡಸ್ಟಿಯ ಗೆಳತಿ, ಟೆಲಿವಿಷನ್ನಿನಲ್ಲಿ ಕೆಲಸಮಾಡುತ್ತಿದ್ದ ವಿಕಿ ವಿಕಮ್ ಎಂಬಾಕೆಯ ಪಾಲಿಗೆ ಬಂತು. ಆಕೆ ತನ್ನ ಸ್ನೇಹಿತ ಸೈಮನ್ ನೇಪಿಯರ್‌ಬೆಲ್‌ನನ್ನು ಜೊತೆಗೆ ಕರೆದುಕೊಂಡಳು. ಇಬ್ಬರೂ ಪಳಗಿದ ಕವಿಗಳಲ್ಲ. ಇಟಾಲಿಯನ್ ಭಾಷೆಯೂ ಇಬ್ಬರಿಗೂ ಬಾರದು. ನೇಪಿಯರ್‌ಬೆಲ್ ತಾನೇ ಹೇಳಿಕೊಂಡಿರುವಂತೆ, ಪ್ರೇಮದ ಮಾತೇ ಬೇಡವೆಂದು ಹೊರಟವರು ಒಂದು ವಾಕ್ಯವನ್ನು ಹಿಂದುಮುಂದು ತಿರುವಿ, ಮಟ್ಟಿಗೆ ಅಕ್ಷರ ಸಾಲದೆಂದು ಇನ್ನೊಂದು ಪದ ಸೇರಿಸಿ, ಪಲ್ಲವಿಯನ್ನು ಹೊಂದಿಸಿದರು. ಉಳಿದುದು ಟ್ಯಾಕ್ಸಿಯಲ್ಲಿ ಹೋಗುತ್ತ ಮುಗಿಯಿತು.

ಮೂಲದ ಪ್ರೇಮಿ ‘ನೀನಿಲ್ಲದೆ ನಾನಿಲ್ಲ’ ಎನ್ನುತ್ತಾನೆ. ಅದು ಪ್ರೇಮದ ಹಕ್ಕೊತ್ತಾಯ. ಇಂಗ್ಲಿಷಿನ ಪ್ರೇಮಿ ಒಲವಿನ ಮಾತನ್ನೂ ಕೇಳುವುದಿಲ್ಲ, ಬಳಿಯಲ್ಲಿದ್ದರೆ ಸಾಕು ಎನ್ನುತ್ತಾಳೆ; ಅದು ದೈನ್ಯದ ಕೊನೆಯ ಮೆಟ್ಟಿಲು. ಅವಸರದಲ್ಲಿ ಹೊಸೆದ ಮಾತು ಮೂಲವನ್ನು ತಿಳಿಯದೆಯೇ ಮೂಲಕ್ಕಿಂತ ಆಳವಾದ ನೋವನ್ನು ಮುಟ್ಟಿತು. ಆದರೆ ಕಾಗದದ ಮೇಲಿದ್ದಷ್ಟು ಹೊತ್ತು ಅದು ಬರಿಯ ಮಾತು. ಅದನ್ನು ನಂಬುವವರು ಬೇಕಾಗಿತ್ತು.

ಧ್ವನಿಮುದ್ರಣ ನಡೆದದ್ದು ಲಂಡನ್ನಿನ ಮಾರ್ಬಲ್ ಆರ್ಚ್ ಬಳಿಯ ಫಿಲಿಪ್ಸ್ ಸ್ಟುಡಿಯೋದಲ್ಲಿ. ನಿರ್ಮಾಪಕ ಜಾನಿ ಫ್ರಾಂಜ್. ವಾದ್ಯವೃಂದ ಸಿದ್ಧವಾಗಿತ್ತು, ಸಿದ್ಧವಾಗದುದು ಡಸ್ಟಿಯ ಕಿವಿ. ಕೋಣೆಯೊಳಗೆ ತನ್ನ ಕಂಠಕ್ಕೆ ಬೇಕಾದ ಅನುರಣನ ಬಾರದೆಂದು ಆಕೆ ಒಪ್ಪಲಿಲ್ಲ. ಕೊನೆಗೆ ಮೈಕನ್ನು ಹೊರಗಿನ ಮೆಟ್ಟಿಲಸಾಲಿಗೆ ಒಯ್ದರು. ಕಲ್ಲುಗೋಡೆಗಳ ನಡುವೆ, ಜನ ಹತ್ತಿಳಿಯುವ ಜಾಗದಲ್ಲಿ ನಿಂತು ಆಕೆ ಮತ್ತೆ ಮತ್ತೆ ಹಾಡಿದಳು. ಏಪ್ರಿಲ್ ಮುಗಿಯುವ ಹೊತ್ತಿಗೆ ಆ ಹಾಡು ಬ್ರಿಟನ್ನಿನಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಆಕೆಯ ಇಡೀ ಬಾಳಿನಲ್ಲಿ ಅಲ್ಲಿ ಆ ಸ್ಥಾನ ಮುಟ್ಟಿದ ಹಾಡು ಇದೊಂದೇ. ಅಮೆರಿಕದಲ್ಲಿ ಅದಕ್ಕೆ ನಾಲ್ಕನೆಯ ಸ್ಥಾನ ದೊರೆಯಿತು. 1970ರಲ್ಲಿ ಎಲ್ವಿಸ್ ಪ್ರೆಸ್ಲಿಯೂ ಅದನ್ನು ಹಾಡಿದ.

ಒಂದು ಸಂಜೆ ನಾನು ದೊನಾಜೊನ ಹಾಡನ್ನೂ ಡಸ್ಟಿಯ ಹಾಡನ್ನೂ ಒಂದರ ಹಿಂದೊಂದು ಹಾಕಿಕೊಂಡು ಕೇಳಿದೆ. ಮಟ್ಟು ಒಂದೇ. ಆದರೂ ಆತನದು ಎದುರಿಗಿರುವವಳನ್ನು ಕುರಿತು ಹಾಡಿದಂತಿದೆ. ಈಕೆಯದು ಮುಚ್ಚಿದ ಬಾಗಿಲ ಹೊರಗೆ ನಿಂತು ಕೂಗಿದಂತಿದೆ. ಆ ಬಾಗಿಲು ಪದ್ಯದಲ್ಲಿಲ್ಲ, ಮಟ್ಟಿನಲ್ಲಿಲ್ಲ. ಮೆಟ್ಟಿಲ ಬಳಿಯ ಆ ಖಾಲಿ ಜಾಗದಿಂದ ಬಂದದ್ದು. ಅದನ್ನು ಹುಡುಕಿಸಿದ್ದು ಒಬ್ಬಳ ಕಿವಿ, ಒಬ್ಬಳ ಹಟ.

ಈ ಹಟಕ್ಕೆ ಲೋಕ ಕೊಟ್ಟ ಹೆಸರು ಬೇರೆ. ಡಸ್ಟಿಯೊಡನೆ ಕೆಲಸ ಕಷ್ಟ, ಆಕೆಗೆ ಯಾವುದೂ ಹಿಡಿಸದು ಎಂಬ ಅಪವಾದ ಕೊನೆಯವರೆಗೂ ಬೆನ್ನುಬಿಡಲಿಲ್ಲ. ತನ್ನ ಮುದ್ರಿಕೆಗಳ ನಿರ್ಮಾಣದಲ್ಲಿ ಬಹುಭಾಗ ತನ್ನದೇ ಎಂದು ಆಕೆ ಮುಂದೆ ಹೇಳಿದಳು. ತಟ್ಟೆಗಳ ಮೇಲೆ ಅಚ್ಚಾದ ನಿರ್ಮಾಪಕನ ಹೆಸರು ಮಾತ್ರ ಇನ್ನೊಬ್ಬರದು. ಗಂಡಸು ಹೀಗೆ ಸ್ವರಕ್ಕೆ ಸ್ವರ ತಿದ್ದಿದ್ದರೆ ಶ್ರದ್ಧೆಯೆಂದು ಹೊಗಳುತ್ತಿದ್ದೆವು. 1999ರ ಮಾರ್ಚ್ 2ರಂದು ಆಕೆ ಕ್ಯಾನ್ಸರಿನಿಂದ ತೀರಿಕೊಂಡಳು.

ಗೀತೆ ಯಾರದು? ರಾಗ ಕಟ್ಟಿದವನದೆ, ಮಾತು ಹೊಸೆದವರದೆ, ಹಾಡಿದವಳದೆ? ಕಾನೂನಿನ ಕಣ್ಣಿಗೆ ಮೊದಲಿನವರದು. ಅವರ ಪಾಲನ್ನು ನಾನು ಕಸಿಯಲಾರೆ. ಆದರೆ ಆ ಹಾಡು ಕೇಳಿದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಸಾನ್‌ರೆಮೊದ ದೀಪಾಲಂಕೃತ ವೇದಿಕೆಯಲ್ಲ, ಲಂಡನ್ನಿನ ಟ್ಯಾಕ್ಸಿಯೂ ಅಲ್ಲ. ಇದಲ್ಲ, ಇನ್ನೊಮ್ಮೆ ಎಂದು ತಲೆಯಾಡಿಸುತ್ತ ಮೆಟ್ಟಿಲ ಬಳಿ ಒಂಟಿಯಾಗಿ ನಿಂತ ಆ ಹೆಣ್ಣು.