ಬೇರಿಗೂ ಬೇಕು ಉಸಿರು

ನಮ್ಮ ಬೀದಿಯ ನಿವೃತ್ತ ಮೇಷ್ಟ್ರಿಗೆ ಅವರ ಮಗಳು ಒಂದು ಜೂನಿಪರ್ ಬೋನ್ಸಾಯ್ ತಂದುಕೊಟ್ಟಿದ್ದಳು. ಗೇಣೆತ್ತರದ ಮರ, ಅಂಗೈ ಅಗಲದ ತಟ್ಟೆ. ಮೇಷ್ಟ್ರು ಅದನ್ನು ನಡುಮನೆಯಲ್ಲಿ ಟೀವಿ ಪಕ್ಕ ಇಟ್ಟು, ದಿನಾ ಬೆಳಿಗ್ಗೆ ತಪ್ಪದೆ ಒಂದು ಲೋಟ ನೀರೆರೆದರು. ಮೂರು ತಿಂಗಳು ಅದು ಹಸಿರಾಗಿಯೇ ಇತ್ತು. ಆಮೇಲೆ ಒಂದೇ ವಾರದಲ್ಲಿ ಎಡಗಡೆಯ ರೆಂಬೆಗಳೆಲ್ಲ ಕಂದು ತಿರುಗಿದವು. ‘ಮೊನ್ನೆ ತನಕ ಚೆನ್ನಾಗಿತ್ತು, ನೋಡಿ’ ಎನ್ನುತ್ತಾ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಮನೆಗೆ ತಂದರು.

ಮೊನ್ನೆ ತನಕ ಚೆನ್ನಾಗಿದ್ದಂತೆ ಕಂಡಿತ್ತು, ಅಷ್ಟೆ. ತುಳಸಿಗೆ ನೀರು ಸಾಲದಿದ್ದರೆ ಸಂಜೆಯೊಳಗೆ ಎಲೆ ಜೋತುಬಿದ್ದು ನಮಗೆ ತಿಳಿದುಹೋಗುತ್ತದೆ. ಜೂನಿಪರ್ ಸಂಕಟವನ್ನು ಹಾಗೆ ತೋರಿಸಿಕೊಳ್ಳುವುದಿಲ್ಲ. ಅದರ ಎಲೆಗಳು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಒತ್ತಿಕೊಂಡ ಪುಟಾಣಿ ಚೂರುಗಳು. ಮೇಲೆ ಮೇಣದ ಲೇಪ. ಒಳಗಿನ ತೇವ ಬಹಳ ನಿಧಾನವಾಗಿ ಆರುತ್ತದೆ. ಬೇರು ಸತ್ತ ಮೇಲೂ ಮೇಲಿನ ಹಸಿರು ವಾರಗಟ್ಟಲೆ ಮಾಸುವುದಿಲ್ಲ. ಇವತ್ತು ಕಾಣುವ ಕಂದು ಬಣ್ಣ ಎಂದೋ ಆಗಿಹೋದ ತೊಂದರೆಯ ಸುದ್ದಿ. ಈ ತಡವನ್ನು ಅರ್ಥ ಮಾಡಿಕೊಂಡರೆ ಜೂನಿಪರ್ ಆರೈಕೆಯ ಅರ್ಧ ಪಾಠ ಮುಗಿದಂತೆ.

ಬಂಡೆ ಬಿರುಕಿನ ಮರ

ಬೋನ್ಸಾಯ್‌ಗೆ ಹೆಸರಾದ ಜಪಾನಿನ ಜೂನಿಪರ್ ಶಿಂಪಾಕು. ಶಿಕೋಕು ದ್ವೀಪದ ಇಷಿಝುಚಿ ಬೆಟ್ಟ, ನೀಗಾತ ಪ್ರಾಂತ್ಯದ ಇತೊಯಿಗಾವಾ ಸುತ್ತಲಿನ ಕಡಿದಾದ ಬಂಡೆಗಳಿಂದ ಇವನ್ನು ಜೀವದ ಹಂಗು ತೊರೆದು ಕಿತ್ತು ತರುತ್ತಿದ್ದರು. ಬಂಡೆಯ ಬಿರುಕಿನಲ್ಲಿ ಮಳೆಯ ನೀರು ಗಳಿಗೆಯೂ ನಿಲ್ಲದು. ಬೇರಿನ ಸುತ್ತ ಕಲ್ಲುಚೂರು, ಕಲ್ಲುಚೂರಿನ ನಡುವೆ ಗಾಳಿ, ನೆತ್ತಿಯ ಮೇಲೆ ದಿನವಿಡೀ ಬಿಸಿಲು. ಈ ಮರದ ಸ್ವಭಾವ ರೂಪುಗೊಂಡಿದ್ದು ಅಲ್ಲಿ. 1923ರ ಮಹಾಭೂಕಂಪದ ನಂತರ ಟೋಕಿಯೋದ ಬೋನ್ಸಾಯ್ ಬೆಳೆಗಾರರು ನಗರ ಬಿಟ್ಟು, 1925ರಿಂದ ಓಮಿಯಾದಲ್ಲಿ ತಮ್ಮದೇ ಹಳ್ಳಿ ಕಟ್ಟಿಕೊಂಡರು. ಅವರು ಹುಡುಕಿಕೊಂಡು ಹೋದದ್ದೂ ಒಳ್ಳೆಯ ಮಣ್ಣು, ಗಾಳಿ, ನೀರನ್ನೇ.

ನಮ್ಮ ನಡುಮನೆಯಲ್ಲಿ ಇದೆಲ್ಲ ತಲೆಕೆಳಗು. ನೆತ್ತಿಯ ಮೇಲಿನ ಬಿಸಿಲಿನ ಬೆಳಕು ಸುಮಾರು 1,00,000 ಲಕ್ಸ್. ದೀಪ ಹಾಕಿದ ಕೋಣೆಯಲ್ಲಿ ಸಿಗುವುದು ಕೆಲವು ನೂರು ಲಕ್ಸ್. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಕೋಣೆ ನಮಗೆ ಬೆಳಕಾಗಿ ಕಾಣುತ್ತದೆ. ಮರ ಮಾತ್ರ ಅಲ್ಲಿ ಉಪವಾಸ ಬೀಳುತ್ತದೆ. ಸಕ್ಕರೆ ತಯಾರಾಗದಿದ್ದರೆ ಹೊಸ ಬೇರು ಹುಟ್ಟದು. ಎಲೆ ಕುಡಿಯುವ ನೀರೂ ಕಡಿಮೆಯಾಗಿ, ದಿನಾ ಎರೆದ ಲೋಟದ ನೀರು ತಟ್ಟೆಯಲ್ಲೇ ಉಳಿಯುತ್ತದೆ.

ತಟ್ಟೆಯೊಳಗಿನ ಕೆಸರು

ತಟ್ಟೆಯ ತಳದಲ್ಲಿ ತೂತಿದೆಯಲ್ಲ, ನೀರು ಇಳಿದುಹೋಗುವುದಿಲ್ಲವೇ? ಪೂರ್ತಿ ಇಳಿಯುವುದಿಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ, ಅಡ್ಡಲಾಗಿ ಹಿಡಿದು ತೊಟ್ಟಿಕ್ಕುವುದು ನಿಲ್ಲುವ ತನಕ ಕಾಯಿರಿ. ಈಗ ಅದನ್ನೇ ಉದ್ದುದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜಿನ ಸಣ್ಣ ಸಣ್ಣ ರಂಧ್ರಗಳು ತಳದಿಂದ ಒಂದಿಷ್ಟು ಎತ್ತರದವರೆಗೆ ನೀರನ್ನು ಬಿಗಿಹಿಡಿಯುತ್ತವೆ. ಆ ಎತ್ತರ ಎಷ್ಟೆಂಬುದು ರಂಧ್ರದ ಗಾತ್ರಕ್ಕೆ ಸೇರಿದ್ದು. ಸ್ಪಂಜು ಅಡ್ಡವಿದ್ದರೂ ನಿಂತಿದ್ದರೂ ಅಷ್ಟೇ. ಮಣ್ಣಿಗೂ ಇದೇ ಲೆಕ್ಕ. ಎತ್ತರದ ಕುಂಡದಲ್ಲಿ ಈ ಜವುಗು ಪದರ ತಳಕ್ಕೆ ಸೀಮಿತ. ಎರಡೇ ಇಂಚು ಆಳದ ಬೋನ್ಸಾಯ್ ತಟ್ಟೆಯಲ್ಲಿ ನುಣುಪು ಮಣ್ಣು ತುಂಬಿದರೆ ಬಹುಪಾಲು ಬೇರು ಜವುಗಿನಲ್ಲೇ ಇರುತ್ತದೆ.

ಬೇರೂ ನಮ್ಮಂತೆ ಆಮ್ಲಜನಕ ಉಸಿರಾಡುತ್ತದೆ. ಗಾಳಿಗೆ ಹೋಲಿಸಿದರೆ ನಿಂತ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಸುಮಾರು 10,000 ಪಟ್ಟು ಕಡಿಮೆ. ಉಸಿರು ಕಟ್ಟಿದ ಬೇರಿಗೆ ಫೈಟಾಫ್ತೊರಾದಂಥ ಕೊಳೆರೋಗದ ಜೀವಿಗಳು ಸುಲಭವಾಗಿ ಮುತ್ತುತ್ತವೆ. ಕೊಳೆತ ಬೇರು ನೀರು ಹೀರದು. ಹೀಗೆ, ನೀರಿನ ನಡುವೆ ಕೂತೇ ಮರ ಬಾಯಾರಿ ಒಣಗುತ್ತದೆ. ಎಲೆ ಒಣಗಿತೆಂದು ನಾವು ಇನ್ನೊಂದು ಲೋಟ ಎರೆಯುತ್ತೇವೆ.

ಮೊದಲು ರೋಗ ತಿಳಿಯಬೇಕು

ಕಂದು ಎಂದರೆಲ್ಲ ಬೇರುಕೊಳೆ ಅಲ್ಲ. ಕಾಂಡದ ಹತ್ತಿರದ, ನೆರಳಿಗೆ ಬಿದ್ದ ಹಳೆ ಎಲೆ ಉದುರುವುದು ಸಹಜ. ಹಸಿರಿನ ನಡುವೆ ಬೂದು ಹಳದಿ ಚುಕ್ಕೆ ಕಂಡರೆ ನುಸಿಯ ಅನುಮಾನ. ರೆಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ. ಉದುರಿದ ದೂಳಿನ ಕಣಗಳು ನಡೆಯತೊಡಗಿದರೆ ಅವೇ ನುಸಿಗಳು. ಎಂಟು ಕಾಲಿನ ಇವು ಜೇಡದ ಬಳಗದವು. ಕೆಲವು ದಿನಕ್ಕೊಮ್ಮೆ ಎಲೆಯ ಅಡಿಗೆಲ್ಲ ರಭಸದ ನೀರು ಹೊಡೆದರೆ ಹೆಚ್ಚಿನವು ತೊಳೆದುಹೋಗುತ್ತವೆ. ತುದಿಗಳು ಬಾಡಿ ಇಡೀ ರೆಂಬೆ ಬಣ್ಣಗೆಟ್ಟರೆ ಮಾತ್ರ ಬೇರಿನ ಕಡೆ ನೋಡಬೇಕು.

ಮೇಷ್ಟ್ರ ಮರದ ಬುಡ ಅಲುಗಾಡುತ್ತಿತ್ತು, ಮಣ್ಣು ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಎಡಗಡೆ ಮಾತ್ರ ಒಣಗಿದ್ದಕ್ಕೂ ಕಾರಣವಿದೆ: ಜೂನಿಪರ್‌ನಲ್ಲಿ ಒಂದೊಂದು ಬೇರು ಹೆಚ್ಚಾಗಿ ತನ್ನದೇ ನೇರಕ್ಕಿರುವ ರೆಂಬೆಗೆ ನೀರುಣಿಸುತ್ತದೆ. ಬಲಗಡೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆದೆ. ಒಳಗೆ ಹಸಿರು, ತೇವ. ಮರದಲ್ಲಿ ಜೀವವಿತ್ತು.

ಕತ್ತರಿ ಬೇಡ, ಗೊಬ್ಬರ ಬೇಡ

ಕಾಯಿಲೆ ಬಿದ್ದ ಮರ ಕಂಡಾಗ ಮೊದಲು ಕೈ ಹೋಗುವುದು ಕತ್ತರಿಗೆ, ಆಮೇಲೆ ಗೊಬ್ಬರಕ್ಕೆ. ಎರಡೂ ಅಪಾಯ. ಆಲ, ಅತ್ತಿಯ ಬೋನ್ಸಾಯ್ ಆಗಿದ್ದರೆ ಬೋಳು ಕಾಂಡದಿಂದಲೂ ಚಿಗುರುತ್ತದೆ. ಜೂನಿಪರ್‌ನ ಹಳೆಯ ಬೋಳು ರೆಂಬೆ ಸಾಮಾನ್ಯವಾಗಿ ಮತ್ತೆ ಚಿಗುರದು. ಹೊಸ ಬೇರಿಗೆ ಬೇಕಾದ ಸಕ್ಕರೆ ಬರುವುದು ಉಳಿದ ಹಸಿರಿನಿಂದಲೇ. ಅದನ್ನು ಕತ್ತರಿಸಿದರೆ ಔಷಧಿಯ ಬಾಟಲಿಯನ್ನೇ ಚೆಲ್ಲಿದಂತೆ. ಗೊಬ್ಬರವನ್ನು ಹೀರಲು ಬೇರಿಲ್ಲ. ಮಣ್ಣಿನಲ್ಲಿ ಉಳಿದ ಲವಣ ಇದ್ದಬದ್ದ ಬೇರಿನ ನೀರನ್ನೂ ಎಳೆದುಕೊಳ್ಳುತ್ತದೆ.

ನಾವು ಮಾಡಿದ್ದು ಇಷ್ಟೇ. ಇಟ್ಟಿಗೆ ಚೂರು ಮತ್ತು ಪರ್ಲೈಟ್ ಜರಡಿ ಹಿಡಿದು, ಪುಡಿ ಬಿಟ್ಟು, 3ರಿಂದ 6 ಮಿಲಿಮೀಟರ್ ಗಾತ್ರದ ಹರಳುಗಳನ್ನು ಆರಿಸಿಕೊಂಡೆವು. ಕಪ್ಪಾಗಿ ಸಿಪ್ಪೆ ಸುಲಿದುಬರುತ್ತಿದ್ದ ಬೇರುಗಳನ್ನಷ್ಟೇ ತೆಗೆದು, ಗಟ್ಟಿಯಿದ್ದವನ್ನು ಮುಟ್ಟದೆ, ಬೇರಿನ ಮುದ್ದೆಯನ್ನು ಹಾಗೆಯೇ ತೂತುಬುಟ್ಟಿಗೆ ಇಳಿಸಿ ಸುತ್ತ ಹರಳು ತುಂಬಿದೆವು. ಅಲುಗಾಡಿದರೆ ಎಳೆಬೇರು ಹರಿಯುವುದರಿಂದ ಮರವನ್ನು ತಂತಿಯಿಂದ ಬುಟ್ಟಿಗೆ ಬಿಗಿದೆವು. ಬಾಲ್ಕನಿಯಲ್ಲಿ ಬೆಳಗಿನ ಎಳೆಬಿಸಿಲು ಬೀಳುವ, ಮಧ್ಯಾಹ್ನ ನೆರಳಿರುವ ಮೂಲೆ ಹುಡುಕಿದೆವು. ಇರುವ ಅಲ್ಪ ಬೇರಿಗೆ ಸುಡುಬಿಸಿಲಿನ ಬಾಯಾರಿಕೆ ತಣಿಸುವ ಶಕ್ತಿ ಇನ್ನೂ ಇರಲಿಲ್ಲ.

ನೀರಿಗೆ ಹೊಸ ಕ್ರಮ: ಊದುಬತ್ತಿ ಉರಿದು ಉಳಿದ ಕಡ್ಡಿಯನ್ನು ಹರಳಿನೊಳಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ನೋಡುವುದು. ಒದ್ದೆಯಿದ್ದರೆ ನೀರು ಬೇಡ. ಒಣಗುತ್ತಾ ಬಂದಿದ್ದರೆ ತಳದಿಂದ ಹರಿಯುವಷ್ಟು ಎರೆಯುವುದು.

ಆಮೇಲೆ ಕಾಯುವ ಕೆಲಸ. ಕೇಡು ತಡವಾಗಿ ಕಾಣುವ ಮರದಲ್ಲಿ ಗುಣವೂ ತಡವಾಗಿಯೇ ಕಾಣುತ್ತದೆ. ಒಂದು ತಿಂಗಳು, ಎರಡು ತಿಂಗಳು, ಏನೂ ಇಲ್ಲ. ಮೂರನೆಯ ತಿಂಗಳಲ್ಲಿ ಬಲಗಡೆಯ ತುದಿಗಳಲ್ಲಿ ತಿಳಿಹಸಿರು ಮೂಡಿತು. ಅದು ಹುರುಪೆಯಂತಿರದೆ ಸೂಜಿಯ ಹಾಗೆ ಚುಚ್ಚುತ್ತಿದ್ದುದನ್ನು ಕಂಡು ಮೇಷ್ಟ್ರು ಮತ್ತೆ ಗಾಬರಿಯಾದರು. ಎಳೆಯ ಜೂನಿಪರ್‌ನ ಎಲೆ ಸೂಜಿಯಂತೆಯೇ ಇರುತ್ತದೆ. ದೊಡ್ಡ ಪೆಟ್ಟು ತಿಂದ ಮರ ಮತ್ತೆ ಆ ಬಾಲ್ಯದ ಎಲೆಯನ್ನೇ ಬಿಡುತ್ತದೆ. ಮರ ಬಲಿತಂತೆ ಹುರುಪೆಯೆಲೆ ಹಿಂದಿರುಗುತ್ತದೆ.

ಸತ್ತ ಎಡರೆಂಬೆಯನ್ನು ನಾವು ಕಡಿದು ಬಿಸಾಡಲಿಲ್ಲ. ಜಪಾನಿನ ಕುಶಲಿಗರು ಇಂಥ ರೆಂಬೆಯ ತೊಗಟೆ ಸುಲಿದು, ಸುಣ್ಣಗಂಧಕದ ದ್ರಾವಣ ಬಳಿದು, ಬೆಳ್ಳಿಬಿಳುಪಿನ ‘ಜಿನ್’ ಆಗಿ ಉಳಿಸಿಕೊಳ್ಳುತ್ತಾರೆ. ಮರ ಪೂರ್ತಿ ಚೇತರಿಸಿಕೊಂಡ ಮೇಲೆ ಆ ಕೆಲಸ. ಸದ್ಯಕ್ಕೆ ಮೇಷ್ಟ್ರು ದಿನಾ ಬೆಳಿಗ್ಗೆ ನೀರಿನ ಲೋಟ ಹಿಡಿದು ಬಾಲ್ಕನಿಗೆ ಬರುತ್ತಾರೆ, ಊದುಬತ್ತಿ ಕಡ್ಡಿ ಎಳೆದು ಬೆರಳಿಂದ ಸವರಿ ನೋಡುತ್ತಾರೆ. ಕಡ್ಡಿ ಒದ್ದೆಯಿದ್ದ ದಿನ ಆ ಲೋಟದ ನೀರು ತುಳಸಿಗೆ.