ಹಳೆಯ ಕಾರು ಮುಗ್ಗರಿಸುವುದೇಕೆ?

ಹೆದ್ದಾರಿಯಲ್ಲಿ ಮುಂದಿರುವ ಲಾರಿಯನ್ನು ಹಿಂದಿಕ್ಕಲು ಚಾಲಕ ಎಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತುತ್ತಾನೆ. ಕಾರು ಮುನ್ನುಗ್ಗಬೇಕು. ಬದಲಿಗೆ ಎಂಜಿನ್ ಒಂದು ಕ್ಷಣ ಉಸಿರುಕಟ್ಟಿದಂತಾಗಿ, ಕೆಮ್ಮಿ, ಆಮೇಲೆ ವೇಗ ಪಡೆಯುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಕಾರುಗಳಲ್ಲಿ ಇದು ಸಾಮಾನ್ಯ ದೋಷ. ಇದನ್ನು ಲಘುವಾಗಿ ಕಾಣುವಂತಿಲ್ಲ. ಎದುರುಬದುರಾಗಿ ಬರುವ ಎರಡು ವಾಹನಗಳು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಅವುಗಳ ನಡುವಿನ ಅಂತರ ಪ್ರತಿ ಸೆಕೆಂಡಿಗೆ ಸುಮಾರು 33 ಮೀಟರ್ ಕಡಿಮೆಯಾಗುತ್ತದೆ!

ಇಂಥ ಸಂದರ್ಭದಲ್ಲಿ ಕೈಗೆ ಸಿಕ್ಕ ತಿರುಪನ್ನೆಲ್ಲ ತಿರುಗಿಸುವುದು, ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸುವುದು ದುಬಾರಿಯ ದಾರಿ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಎಂಜಿನ್ ಮುಗ್ಗರಿಸುವುದು ಯಾವ ಗಳಿಗೆಯಲ್ಲಿ? ಎಕ್ಸಿಲರೇಟರ್ ಒತ್ತಿದ ತಕ್ಷಣವೋ, ಕೆಲವು ಸೆಕೆಂಡುಗಳ ನಂತರವೋ? ಇದರ ಉತ್ತರದಲ್ಲೇ ದೋಷದ ಸುಳಿವಿದೆ.

ಗಾಳಿ ಮುಂದೆ, ಪೆಟ್ರೋಲ್ ಹಿಂದೆ

ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಮಿಶ್ರಣವನ್ನು ಸಿದ್ಧಪಡಿಸುವುದು ಕಾರ್ಬ್ಯುರೇಟರಿನ ಕೆಲಸ. ಅದರ ನಡುವಿನ ಕಿರಿದಾದ ಭಾಗವೇ ವೆಂಚುರಿ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಆಗ ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಹಾದುಬರುವ ಪೆಟ್ರೋಲ್ ಗಾಳಿಯೊಳಕ್ಕೆ ಚಿಮ್ಮುತ್ತದೆ.

ಎಕ್ಸಿಲರೇಟರ್ ಒತ್ತಿದಾಗ ತೆರೆದುಕೊಳ್ಳುವುದು ಪೆಟ್ರೋಲಿನ ನಲ್ಲಿಯಲ್ಲ, ಗಾಳಿಯ ಬಾಗಿಲು. ಅದೇ ಥ್ರಾಟಲ್ ಕವಾಟ. ಅದು ಹಠಾತ್ತನೆ ತೆರೆದರೆ ಗಾಳಿ ಕೂಡಲೇ ನುಗ್ಗುತ್ತದೆ. ಪೆಟ್ರೋಲಿನ ಸಾಂದ್ರತೆ ಗಾಳಿಯ ಸುಮಾರು 600 ಪಟ್ಟು. ಅದರ ಹರಿವು ಹೆಚ್ಚಲು ಸ್ವಲ್ಪ ಹೊತ್ತು ಬೇಕು.

ಇನ್ನೊಂದು ಕಾರಣವೂ ಇದೆ. ಎಂಜಿನ್ ನಿಧಾನವಾಗಿ ಓಡುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಒತ್ತಡ ಕಡಿಮೆ ಇರುವುದರಿಂದ ಪೆಟ್ರೋಲ್ ಸುಲಭವಾಗಿ ಆವಿಯಾಗುತ್ತದೆ. ಥ್ರಾಟಲ್ ತೆರೆದೊಡನೆ ಒತ್ತಡ ಏರಿ, ಆವಿಯಾಗದ ಪೆಟ್ರೋಲ್ ಕೊಳವೆಯ ಗೋಡೆಗಳಿಗೆ ಅಂಟಿಕೊಳ್ಳುತ್ತದೆ. ಹೀಗಾಗಿ ಸಿಲಿಂಡರಿಗೆ ಇಂಧನ ಅತ್ಯಂತ ಹೆಚ್ಚು ಬೇಕಾದ ಗಳಿಗೆಯಲ್ಲೇ ತೆಳು ಮಿಶ್ರಣ ತಲಪುತ್ತದೆ.

ಪಿಚಕಾರಿಯ ಉಪಾಯ

ಈ ಕೊರತೆಯನ್ನು ತುಂಬಲು ಹಲವು ಕಾರ್ಬ್ಯುರೇಟರುಗಳಲ್ಲಿ ವೇಗವರ್ಧಕ ಪಂಪು ಇರುತ್ತದೆ. ಥ್ರಾಟಲ್ ತೆರೆಯುವಾಗ ಸಣ್ಣ ತೋಳೊಂದು ರಬ್ಬರ್ ಪೊರೆಯನ್ನೋ ಪಿಸ್ಟನ್ನನ್ನೋ ತಳ್ಳಿ, ಪಿಚಕಾರಿಯಂತೆ ಒಂದಿಷ್ಟು ಪೆಟ್ರೋಲನ್ನು ಚಿಮ್ಮಿಸುತ್ತದೆ. ಬ್ರಿಟನ್ನಿನ ಮಾರಿಸ್ ಮೈನರ್, ಎಂ.ಜಿ. ಮುಂತಾದ ಕಾರುಗಳ ಎಸ್.ಯು. ಕಾರ್ಬ್ಯುರೇಟರಿನಲ್ಲಿ ಇಂಥ ಪಂಪು ಇಲ್ಲ. ಅಲ್ಲಿ ಗಾಳಿಯ ದಾರಿಯನ್ನು ಹಿಗ್ಗಿಸುವ ಪಿಸ್ಟನ್ನು ಬೇಗ ಮೇಲೇಳದಂತೆ ಎಣ್ಣೆ ತಡೆಯುತ್ತದೆ. ಗಾಳಿಯ ವೇಗ ಆ ಕ್ಷಣ ಹೆಚ್ಚಾಗಿಯೇ ಉಳಿದು ಪೆಟ್ರೋಲನ್ನು ಬಲವಾಗಿ ಸೆಳೆಯುತ್ತದೆ. ಆ ಎಣ್ಣೆ ಬತ್ತಿದರೆ ಎಂಜಿನ್ ಮುಗ್ಗರಿಸುತ್ತದೆ.

ಪರೀಕ್ಷೆಯ ಕ್ರಮ

1. ಎಂಜಿನ್ ನಿಲ್ಲಿಸಿ ತಣಿಯಲು ಬಿಡಿ. ಏರ್ ಫಿಲ್ಟರ್ ತೆಗೆದು, ಕಾರ್ಬ್ಯುರೇಟರಿನ ಬಾಯೊಳಗೆ ನೋಡುತ್ತಾ ಥ್ರಾಟಲ್ ತೋಳನ್ನು ಕೈಯಿಂದ ತಿರುಗಿಸಿ. ತೋಳು ಚಲಿಸಿದೊಡನೆ ಪೆಟ್ರೋಲಿನ ಗಟ್ಟಿ ಧಾರೆ ಕಾಣಬೇಕು. ಧಾರೆ ಬಾರದಿದ್ದರೆ, ತಡವಾಗಿ ಬಂದರೆ ಅಥವಾ ಬರೀ ತೊಟ್ಟಿಕ್ಕಿದರೆ ದೋಷ ಪಂಪಿನದು: ಪೊರೆ ಹರಿದಿರಬಹುದು, ನಳಿಕೆಯಲ್ಲಿ ಕಸ ಕಟ್ಟಿರಬಹುದು, ಕವಾಟದ ಗುಂಡು ಅಂಟಿಕೊಂಡಿರಬಹುದು, ತೋಳಿನ ಕೀಲು ಸವೆದಿರಬಹುದು. ಫ್ಲೋಟ್ ಕೋಣೆಯಲ್ಲಿ ಪೆಟ್ರೋಲ್ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

2. ಧಾರೆ ಸರಿಯಿದ್ದರೆ, ಎಂಜಿನ್ ಬಿಸಿಯಾದ ಮೇಲೆ ಚೋಕನ್ನು ತುಸುವೇ ಎಳೆದು ಸಂಚಾರವಿಲ್ಲದ ರಸ್ತೆಯಲ್ಲಿ ಓಡಿಸಿ ನೋಡಿ. ಮುಗ್ಗರಿಕೆ ಕಡಿಮೆಯಾದರೆ ಮಿಶ್ರಣ ತೆಳುವಾಗಿದೆ ಎಂದರ್ಥ. ಜೆಟ್ಟಿನಲ್ಲಿ ಕಸ, ಫ್ಲೋಟ್ ಮಟ್ಟದ ಇಳಿಕೆ, ಗ್ಯಾಸ್ಕೆಟ್ ಸಂದಿನಿಂದ ಗಾಳಿಯ ಸೋರಿಕೆ ಇದಕ್ಕೆ ಕಾರಣಗಳು. ಗಾಳಿ ಸೋರುತ್ತಿದ್ದರೆ ಎಂಜಿನ್ ನಿಧಾನಗತಿಯಲ್ಲೂ ಒಂದೇ ಸಮನೆ ಓಡುವುದಿಲ್ಲ.

3. ಚೋಕ್ ಎಳೆದರೂ ಬದಲಾವಣೆ ಕಾಣದಿದ್ದರೆ ಕಿಡಿಯ ಕಡೆ ಗಮನ ಹರಿಸಿ. ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ಸಂದಿನಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ನಿಧಾನಗತಿಯಲ್ಲಿ ಸರಿಯಾಗಿ ಕಾಣುವ ದುರ್ಬಲ ಕಾಯಿಲ್, ಸವೆದ ಪ್ಲಗ್ ಇಲ್ಲಿ ಸೋಲುತ್ತವೆ. ಕಿಡಿಯ ಸಮಯ ತಪ್ಪಿದ್ದರೂ ಕಾರು ಎಳೆಯುವುದಿಲ್ಲ.

4. ಮೊದಲು ಚೆನ್ನಾಗಿ ಎಳೆದು, ಕೆಲವು ಸೆಕೆಂಡುಗಳ ನಂತರ ಸೊರಗುವ ಕಾರಿನಲ್ಲಿ ದೋಷ ಬೇರೆಡೆ ಇದೆ. ಫ್ಲೋಟ್ ಕೋಣೆ ಬರಿದಾಗುತ್ತಿದೆ ಎಂಬುದು ಇದರ ಸೂಚನೆ. ಪೆಟ್ರೋಲ್ ಫಿಲ್ಟರ್, ಟ್ಯಾಂಕಿನಿಂದ ಪೆಟ್ರೋಲ್ ತರುವ ಪಂಪು ಹಾಗೂ ಕೊಳವೆಗಳನ್ನು ಪರೀಕ್ಷಿಸಬೇಕು.

ಎಥೆನಾಲಿನ ಪಾತ್ರ

2025ರ ಹೊತ್ತಿಗೆ ಭಾರತದಲ್ಲಿ ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಯಿತು. ಒಂದು ಗ್ರಾಂ ಎಥೆನಾಲ್ ಉರಿಯಲು ಸುಮಾರು 9 ಗ್ರಾಂ ಗಾಳಿ ಸಾಕು. ಆದ್ದರಿಂದ ಈ ಮಿಶ್ರ ಇಂಧನಕ್ಕೆ ಸರಿಯಾದ ಅನುಪಾತ 14.7 ಅಲ್ಲ, ಸುಮಾರು 13.5. ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಆದರೆ ಪ್ರೀಮಿಯರ್ ಪದ್ಮಿನಿಯಂಥ ಹಳೆಯ ಕಾರಿನ ಜೆಟ್ಟಿನ ರಂಧ್ರ ಶುದ್ಧ ಪೆಟ್ರೋಲಿಗೆಂದು ಅಳೆದು ಮಾಡಿದ್ದು. ಅದು ತಾನಾಗಿ ಹಿಗ್ಗದು. ಹಾಗಾಗಿ ಮಿಶ್ರಣ ಮೊದಲೇ ತುಸು ತೆಳುವಾಗಿರುತ್ತದೆ. ಪಂಪಿನ ಸಣ್ಣ ದೋಷವೂ ಎದ್ದು ಕಾಣುತ್ತದೆ. ಹಳೆಯ ಕಾಲದ ರಬ್ಬರ್ ಪೊರೆಗಳು ಎಥೆನಾಲಿನಿಂದ ಉಬ್ಬಿ ಹಾಳಾಗುವುದೂ ಉಂಟು. ಪೊರೆ ಬದಲಿಸುವಾಗ ಎಥೆನಾಲ್ ತಾಳಿಕೊಳ್ಳುವ ವಸ್ತುವಿನದನ್ನೇ ಕೇಳಿ ಪಡೆಯುವುದು ಲೇಸು.

ಇಂದಿನ ಪೆಟ್ರೋಲ್ ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ. ಆದರೂ ಗಾಳಿ ಮುಂದೆ, ಇಂಧನ ಹಿಂದೆ ಎಂಬ ಸಮಸ್ಯೆ ಹೋಗಿಲ್ಲ. ಥ್ರಾಟಲ್ ಎಷ್ಟು ಬೇಗ ತೆರೆಯಿತೆಂಬುದನ್ನು ಸಂವೇದಕವೊಂದು ತಿಳಿಸುತ್ತದೆ. ಕಂಪ್ಯೂಟರ್ ಆ ಕ್ಷಣಕ್ಕೆ ಇಂಧನವನ್ನು ಹೆಚ್ಚಿಸುತ್ತದೆ. ರಬ್ಬರ್ ಪೊರೆ ಮಾಡುತ್ತಿದ್ದ ಕೆಲಸವೇ ಅದು.

ಎಚ್ಚರಿಕೆ: ಪೆಟ್ರೋಲಿನ ಆವಿ ಬಲು ಬೇಗ ಹೊತ್ತಿಕೊಳ್ಳುತ್ತದೆ. ಪರೀಕ್ಷೆಯನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ, ಅನುಭವಿ ಮೆಕ್ಯಾನಿಕ್ ಜೊತೆಗಿದ್ದಾಗ ಮಾತ್ರ ಮಾಡಿ. ಎಂಜಿನ್ ಓಡುತ್ತಿರುವಾಗ ಕಾರ್ಬ್ಯುರೇಟರಿನ ಬಾಯಿಗೆ ಮುಖವೊಡ್ಡಬೇಡಿ. ತೆಳು ಮಿಶ್ರಣದ ಎಂಜಿನ್ ಕೆಮ್ಮಿದಾಗ ಜ್ವಾಲೆ ಅಲ್ಲಿಂದಲೇ ಹೊರಬರಬಹುದು.