ಕಡಲ ಮೀನಿಗೆ ಬೆಚ್ಚನೆಯ ನೀರು

ಹವಳದ ದಿಬ್ಬಗಳ ನಡುವೆ ಬಾಳುವ ಮೀನು ಚಳಿಯನ್ನು ತಾಳದು. ಅದಕ್ಕೆ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು ಬೇಕು. ಬೆಂಗಳೂರಿನಲ್ಲಾದರೋ ಮಾಗಿಯ ರಾತ್ರಿ ಹೊರಗಿನ ಗಾಳಿ 15 ಡಿಗ್ರಿಗೆ ಇಳಿಯುವುದುಂಟು. ಮನೆಯೊಳಗಿನ ತೊಟ್ಟಿಯೂ ತಣ್ಣಗಾಗುತ್ತದೆ. ಆದುದರಿಂದ ಉಪ್ಪುನೀರಿನ ತೊಟ್ಟಿಯನ್ನಿಡುವವರು ವಿದ್ಯುತ್ ಹೀಟರನ್ನೂ ಇಡಬೇಕಾಗುತ್ತದೆ.

ಲೀಟರಿಗೆ ಸುಮಾರು 1 ವ್ಯಾಟ್ ಎಂಬುದು ರೂಢಿಯ ಲೆಕ್ಕ. 100 ಲೀಟರಿನ ತೊಟ್ಟಿಗೆ 100 ವ್ಯಾಟ್ ಸಾಕು. ಆದರೆ 100 ವ್ಯಾಟಿನದೊಂದನ್ನು ಕೊಳ್ಳುವ ಬದಲು 50 ವ್ಯಾಟಿನವು ಎರಡನ್ನು ಕೊಳ್ಳಿರಿ. ಕಾರಣವಿಷ್ಟೆ: ನೀರು ಬೇಕಾದಷ್ಟು ಬಿಸಿಯಾದೊಡನೆ ವಿದ್ಯುತ್ತನ್ನು ತಡೆಯಬೇಕಾದ ಥರ್ಮೋಸ್ಟಾಟ್ ಕೆಲವೊಮ್ಮೆ ಅಂಟಿಕೊಂಡುಬಿಡುತ್ತದೆ. ಹೀಟರ್ ದೊಡ್ಡದಾದರೆ ಬೆಳಗಾಗುವುದರೊಳಗೆ ಮೀನು ಸತ್ತೀತು. ಚಿಕ್ಕದಾದರೆ ನೀರು ನಿಧಾನವಾಗಿ ಬಿಸಿಯೇರುವುದರಿಂದ ನೀವು ಎಚ್ಚೆತ್ತುಕೊಳ್ಳಲು ವೇಳೆ ಸಿಗುತ್ತದೆ. ಒಂದು ಕೆಟ್ಟು ತಣ್ಣಗಾದರೂ ಇನ್ನೊಂದು ಆಸರೆಯಾಗುತ್ತದೆ.

ಹೀಟರುಗಳನ್ನು ನೀರು ಚೆನ್ನಾಗಿ ಹರಿದಾಡುವ ಕಡೆ ಕೂಡಿಸಿರಿ. ನೀರು ಆವಿಯಾಗಿ ಮಟ್ಟ ತಗ್ಗಿದಾಗಲೂ ಅವು ಮುಳುಗಿಯೇ ಇರಬೇಕು. ಹೀಟರಿನ ಮೇಲಿನ ಅಂಕಿಯನ್ನೇ ನಂಬದೆ, ತೊಟ್ಟಿಯ ಇನ್ನೊಂದು ತುದಿಯಲ್ಲಿ ಉಷ್ಣಮಾಪಕವನ್ನು ತೂಗುಹಾಕಿರಿ.

ಉಪ್ಪುನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ಪ್ಲಗ್ಗು ಕೀಳದೆ ತೊಟ್ಟಿಗೆ ಕೈ ಹಾಕಲೇಬೇಡಿರಿ. ಕಿತ್ತ ಮೇಲೂ ಕಾಲು ಗಂಟೆ ಆರಲು ಬಿಟ್ಟು ಗಾಜಿನ ಕೊಳವೆಯನ್ನು ಹೊರತೆಗೆಯಿರಿ. ಬಿಸಿಯಾಗಿದ್ದಾಗ ತೆಗೆದರೆ ಅದು ಸೀಳೀತು.

ಕಡೆಯದಾಗಿ, ಮೀನು ಬಿಡುವ ಮೊದಲೇ ನಾಲ್ಕು ದಿನ ಹೀಟರುಗಳನ್ನು ನಡೆಸಿ, ಬೆಳಿಗ್ಗೆಯೂ ರಾತ್ರಿಯೂ ಉಷ್ಣಮಾಪಕವನ್ನು ನೋಡಿರಿ. ಅಂಕಿ ಹೆಚ್ಚು ಕದಲದಿದ್ದರೆ ನಿಮ್ಮ ತೊಟ್ಟಿಯ ನೀರಿನ ಬಿಸಿ ಹದಕ್ಕೆ ಬಂದಿತೆಂದು ತಿಳಿಯಿರಿ.